ಬ್ರಿಸ್ಬೇನಿನಲ್ಲಿ ಬಾಳಗಡಿಯ ಹುಲಿ

"ಒಂದು ಕೋಳಿಗೆ ಹೆದರುವುದಾ? ನಮ್ಮ ವಂಶದಲ್ಲಿ?"

ಹೀಗೆಂದು ನಾನು ಗುಡುಗಿದ್ದು ಬಾಳಗಡಿಯ ನನ್ನ ಹೊಲಿಗೆ ಅಂಗಡಿಯಲ್ಲಿ. ಗುಡುಗಿಸಿಕೊಂಡವಳು ಫೋನಿನ ವಿಡಿಯೋದಲ್ಲಿದ್ದ ಮಗಳು ಸುಮಾ. ಆ ಹೊತ್ತಿಗೆ ಕಾಲೇಜಿನ ಮೂವರು ಹುಡುಗಿಯರು ಚೂಡಿದಾರದ ಅಳತೆ ಕೊಡಲು ನಿಂತಿದ್ದರು. ಸಾಕ್ಷಿಗಳಿದ್ದರು ಎಂಬ ಸಂಗತಿಯನ್ನು, ಮುಂದೆ ನಡೆದದ್ದರ ದೃಷ್ಟಿಯಿಂದ, ಇಲ್ಲೇ ದಾಖಲಿಸಿಬಿಡುತ್ತೇನೆ.

ಸುಮಾ ಇರುವುದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ. ಅವಳು ಅಲ್ಲಿ ನರ್ಸು. ಅಳಿಯಂದಿರು ಪ್ರವೀಣ ಒಂದು ಬೇಕರಿಯಲ್ಲಿ ಬ್ರೆಡ್ ಮಾಡುತ್ತಾರೆ. ಆರು ವರ್ಷದ ಮಗಳು ಅನ್ವಿ. ಎರಡನೆಯದಕ್ಕೆ ಸುಮಾ ಆಗ ತುಂಬಿದ ಬಸುರಿ. ಮನೆಯ ಹಿಂದೆ ಒಳ್ಳೇ ದೊಡ್ಡ ಹಿತ್ತಲು, ಹಿತ್ತಲಲ್ಲಿ ಜೋಕಾಲಿ. ಆದರೆ ಅನ್ವಿ ಅಲ್ಲಿಗೆ ಕಾಲಿಟ್ಟು ಒಂದು ತಿಂಗಳಾಗಿತ್ತು. ಬುಷ್ ಟರ್ಕಿ ಎಂಬ ಅಲ್ಲಿನ ಕಾಡುಕೋಳಿಯೊಂದು ಬಂದು ಅವಳ ಕೈಯಿಂದ ಬ್ರೆಡ್ಡು ಕಿತ್ತುಕೊಂಡು ಹೋಗಿತ್ತಂತೆ. ಅಂದಿನಿಂದ ಮಗು ಹಿಂಬಾಗಿಲಿನ ಗಾಜಿಗೆ ಮೂಗು ಒತ್ತಿಕೊಂಡು ಜೋಕಾಲಿ ನೋಡುತ್ತಾ ಕೂರುತ್ತದೆ, ಗಾಜಿನ ಮೇಲಿನ ಮೂಗಿನ ಗುರುತು ಒರೆಸಿ ಒರೆಸಿ ಸಾಕಾಯಿತು ಎಂದು ಸುಮಾ ಕಣ್ಣಲ್ಲಿ ನೀರು ತಂದುಕೊಂಡಳು.

ಟಿವಿಯಲ್ಲಿ ಸಿಂಹ ಜಿಂಕೆಯನ್ನು ಹರಿದು ತಿನ್ನುವುದನ್ನು ಚಿಪ್ಸ್ ತಿನ್ನುತ್ತಾ ನೋಡುವ ಮಗು ಅದು! ನನಗೆ ರೋಷ ಉಕ್ಕಿತು.

"ನಾವು ಯಾರು? ಮಲೆನಾಡಿನವರು! ಕಾಡುಕೋಣ, ಕಾಳಿಂಗ ಸರ್ಪ, ರಕ್ತ ಹೀರುವ ಉಂಬಳ, ಇವುಗಳ ಮಧ್ಯೆ ಬದುಕಿದವರು. ನಾನು ಬಾಣಂತನಕ್ಕೆ ಬರ್ತೇನಲ್ಲ, ಆ ಕೋಳಿ ಊರು ಬಿಡ್ತದೆ ನೋಡು. ಅನ್ವಿ ಜೋಕಾಲಿ ಆಡದೇ ನಾನು ವಾಪಸ್ ವಿಮಾನ ಹತ್ತಿದರೆ ನನ್ನ ಹೆಸರು ಪದ್ಮಾವತಿಯೇ ಅಲ್ಲ!"

ಅಂಗಡಿಯ ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು. ಮೂವತ್ತು ವರ್ಷ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಎಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕೂಗುವುದನ್ನೆಲ್ಲ ಬಸ್ಸಿನಲ್ಲೇ ಕೂಗಿ ಮುಗಿಸಿದ್ದರಿಂದ ಮನೆಗೆ ಉಳಿದಿರುವುದು ನಾಲ್ಕೇ ಮಾತು. ಆ ನಾಲ್ಕೂ ಚುಚ್ಚುವಂಥವು.

"ಇವಳು ಜಿರಲೆ ಕಂಡರೆ ಹೊಲಿಗೆ ಮಿಷನ್ ಮೇಲೆ ಹತ್ತುವ ಜನ," ಎಂದರು ಆ ಹುಡುಗಿಯರಿಗೆ.

ಇದು ಸತ್ಯ. ಕಾಡುಕೋಣವನ್ನು ನಾನು ನೋಡಿರುವುದು ಒಂದೇ ಸಲ, ಇವರ ಬಸ್ಸಿನ ಕಿಟಕಿಯಿಂದ, ಅದೂ ಗಾಜು ಏರಿಸಿಕೊಂಡು. ಆದರೆ ಮಲೆನಾಡಿನಲ್ಲಿ ಹುಟ್ಟಿದ ಮೇಲೆ ಧೈರ್ಯ ರಕ್ತದಲ್ಲೇ ಇರುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ರಕ್ತವನ್ನು ಯಾರೂ ಪರೀಕ್ಷೆಗೆ ಕಳಿಸಿರಲಿಲ್ಲ.

ನಾವು ಹೋಗಿ ಒಂದು ವಾರಕ್ಕೆ ಮೊಮ್ಮಗ ಹುಟ್ಟಿದ. ಬಾಣಂತಿಯ ಖಾರ, ಮಗುವಿನ ಎಣ್ಣೆ-ನೀರು ಎಲ್ಲ ಒಂದು ಹದಕ್ಕೆ ಬಂದ ಮೇಲೆ ನಾನು ಸೆರಗು ಸಿಕ್ಕಿಸಿ ಹಿತ್ತಲಿಗೆ ಇಳಿದೆ. ಅನ್ವಿ ಗಾಜಿನ ಹಿಂದೆ ನಿಂತು ನೋಡುತ್ತಿದ್ದಳು.

"ಬಾ ಪುಟ್ಟಿ, ಎಂತದೂ ಇಲ್ಲ ಇಲ್ಲಿ."

"ಅದು ನನ್ನ ಮುಖ ನೆನಪಿಟ್ಟುಕೊಂಡಿದೆ ಅಜ್ಜಿ. ನಾನು ಇಲ್ಲೇ ಇರ್ತೇನೆ."

ಕೋಳಿ ಕಾಣಲಿಲ್ಲ. ಕಂಡದ್ದು ದರಗು. ನೀಲಗಿರಿ ಮರಗಳ ಒಣಗಿದ ಎಲೆ ಹಿತ್ತಲ ತುಂಬ! ಇಂಥ ದರಗು ಬಿದ್ದಿರುವುದನ್ನು ನೋಡಿ ನಮ್ಮ ಕಡೆಯ ಯಾವ ಹೆಂಗಸಿನ ಕೈ ಸುಮ್ಮನಿರುತ್ತದೆ? ನನ್ನ ತವರು ಶೃಂಗೇರಿ ಹತ್ತಿರದ ಅಡ್ಡಗದ್ದೆ. ಅಲ್ಲಿ ದರಗು ಗುಡಿಸಿ ರಾಶಿ ಹಾಕಿ ಗೊಬ್ಬರ ಮಾಡುವುದನ್ನು ನಾವು ನಡೆಯುವುದರ ಜೊತೆಜೊತೆಗೇ ಕಲಿತವರು. ಇಲ್ಲಿ ನೋಡಿದರೆ ಅಳಿಯಂದಿರು ಅದನ್ನು ಹಸಿರು ಮುಚ್ಚಳದ ಡಬ್ಬಿಗೆ ತುಂಬಿ, ವಾರಕ್ಕೊಮ್ಮೆ ರಸ್ತೆಗೆ ಇಟ್ಟು, ಸರಕಾರದ ಲಾರಿಗೆ ದಾನ ಮಾಡುತ್ತಿದ್ದಾರೆ!

"ಎಂಥ ಸಾವು ಮಾರಾಯ್ರೆ ಇದು, ಚಿನ್ನದಂಥ ಗೊಬ್ಬರ!" ಎಂದು ನಾನು ಮೂರು ದಿನ ಗುಡಿಸಿದೆ. ಹಿತ್ತಲ ಮೂಲೆಯಲ್ಲಿ, ಜೋಕಾಲಿಯಿಂದ ಹತ್ತು ಹೆಜ್ಜೆ ದೂರ, ನನ್ನ ಎದೆಮಟ್ಟಕ್ಕೆ ರಾಶಿ ಹಾಕಿದೆ. ನಡುನಡುವೆ ಮಣ್ಣು ಎರಚಿದೆ. ಚೆನ್ನಾಗಿ ಕೊಳೆಯಲೆಂದು ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ಪಕ್ಕದಲ್ಲಿ ಒಂದು ಪಾತಿ ಮಾಡಿ ಹರಿವೆ, ಕೊತ್ತಂಬರಿ ಹಾಕಿದೆ. ಕೋಳಿ ಓಡಿಸಲು ಬಂದವಳು ಕೃಷಿಯಲ್ಲಿ ಮುಳುಗಿಹೋದೆ.

ನಾಲ್ಕನೇ ದಿನ ಅದು ಬಂತು.

ಕಪ್ಪು ಮೈ, ಕೆಂಪು ಬೋಳು ತಲೆ, ಕುತ್ತಿಗೆಗೆ ಹಳದಿ ಚರ್ಮದ ಮಾಲೆ. ಚುನಾವಣೆಗೆ ನಿಂತವರ ಹಾಗೆ ಶಾಲು ಹೊದ್ದುಕೊಂಡು ಸೀದಾ ನಡೆದುಬಂದು ನನ್ನ ರಾಶಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ನಿಂತು ಯೋಚಿಸಿತು. ಆಮೇಲೆ ಹಿಂದುಮುಂದಾಗಿ ತಿರುಗಿ, ಎರಡೂ ಕಾಲಿನಿಂದ ಪರಪರನೆ ಎಲೆ ಕೆದರುತ್ತಾ, ಅಕ್ಕಪಕ್ಕದ ದರಗನ್ನೆಲ್ಲ ರಾಶಿಗೇ ಸೇರಿಸತೊಡಗಿತು!

"ನೋಡ್ರೀ! ಎಷ್ಟು ಒಳ್ಳೇ ಜೀವ! ಪಾಪ, ಇದಕ್ಕೆ ಮಗು ಹೆದರ್ತದಾ?" ಎಂದೆ ಯಜಮಾನರಿಗೆ. "ಊರಲ್ಲಿ ಒಂದು ಆಳು ಬೇಕು ಅಂದರೆ ಹತ್ತು ಸಲ ಫೋನ್ ಮಾಡಬೇಕು. ಇಲ್ಲಿ ಕರೆಯದೇ ಬಂದಿದೆ. ಕಾಫಿ ಸಹ ಕೇಳೂದಿಲ್ಲ."

"ಕರೆಯದೇ ಬಂದವರು ಕಳಿಸಿದರೆ ಹೋಗೂದೂ ಇಲ್ಲ," ಎಂದರು ಇವರು.

ಒಂದು ವಾರ ಅದು ದುಡಿಯಿತು, ನಾನು ಮೇಲುಸ್ತುವಾರಿ ಮಾಡಿದೆ. ಅದು ಪಕ್ಕದ ಮನೆಯ ಮಾರ್ಗರೆಟಮ್ಮನ ಹಿತ್ತಲಿನಿಂದಲೂ ಎಲೆ ಎಳೆದು ತಂದಾಗ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎಂಟನೇ ದಿನ ಎದ್ದು ನೋಡುತ್ತೇನೆ, ಹರಿವೆ ಇಲ್ಲ! ಕೊತ್ತಂಬರಿ ಇಲ್ಲ! ಪಾತಿಗೆ ಪಾತಿಯೇ ಗುಡಿಸಿ ರಾಶಿಯ ಮೇಲೆ!

ಯುದ್ಧ ಶುರುವಾಯಿತು.

ಮೊದಲು ಊರಿನ ಪದ್ಧತಿಯಂತೆ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದು "ಹೋಯ್! ಹೋಯ್! ಹಚಾ!" ಎಂದು ಕೂಗಿದೆ. ಕೋಳಿ ಕತ್ತು ಓರೆ ಮಾಡಿ ಕೇಳಿತು. ಓಡಿಬಂದವರು ಮಾರ್ಗರೆಟಮ್ಮ. ಎಂಬತ್ತರ ಹತ್ತಿರದ ಆಕೆ ಬಾಣಂತಿಗೆ ಏನೋ ಆಯಿತೆಂದು ಗಾಬರಿಯಿಂದ ಚಪ್ಪಲಿ ಸಹ ಹಾಕದೆ ಬಂದಿದ್ದರು. ನಾನು ಸೌಟು ಹಿಂದೆ ಬಚ್ಚಿಟ್ಟುಕೊಂಡು "ಎಸ್, ಎಸ್, ಗುಡ್ ಮಾರ್ನಿಂಗ್" ಎಂದೆ. ಗಾಜಿನ ಹಿಂದೆ ಅನ್ವಿಯ ಮೂಗು ಇನ್ನಷ್ಟು ಚಪ್ಪಟೆಯಾಯಿತು.

ಹೀಗೆ ತಿಂಗಳಿಗೂ ಹೆಚ್ಚು ಕಾಲ ಕೂಗಿ ಸೋತ ಮೇಲೆ ಅಡ್ಡಗದ್ದೆಯ ತಮ್ಮ ಶ್ರೀಧರನಿಗೆ ಫೋನ್ ಮಾಡಿದೆ. ತೋಟಕ್ಕೆ ಬರುವ ಮಂಗಗಳ ಜೊತೆ ಇಪ್ಪತ್ತು ವರ್ಷದಿಂದ ಹೋರಾಡಿ, ಇಪ್ಪತ್ತು ವರ್ಷದಿಂದಲೂ ಸೋಲುತ್ತಿರುವ ಅನುಭವಿ ಅವನು.

"ಹುಲಿ ಕೂರಿಸು ಅಕ್ಕಾ," ಎಂದ.

"ಎಲ್ಲಿಂದ ತರಲಿ?"

"ಗೊಂಬೆ ಹುಲಿ ಮಾರಾಯ್ತಿ! ನಮ್ಮಲ್ಲಿ ಎಲ್ಲರೂ ತೋಟದಲ್ಲಿ ಕೂರಿಸಿದ್ದಾರೆ. ಮಂಗ ನೋಡಿದ ಕೂಡಲೇ ಓಡ್ತದೆ. ಎರಡು ದಿನ. ಆಮೇಲೆ ಅದರ ತಲೆ ಮೇಲೇ ಕೂತ್ಕೊಳ್ತದೆ, ಆ ಮಾತು ಬೇರೆ. ನಿಂಗೆ ಹೊಲಿಯೂಕೆ ಬರ್ತದಲ್ಲ!"

ಬರುತ್ತದಲ್ಲ! ಬಾಳಗಡಿಯ ಅರ್ಧ ಹುಡುಗಿಯರ ಮೈಗೆ ಬಟ್ಟೆ ಕೂರಿಸಿದವಳಿಗೆ ಒಂದು ಹುಲಿ ಕಷ್ಟವೇ? ಕಪಾಟಿನಲ್ಲಿದ್ದ ಹಳದಿ ಬೆಡ್‌ಶೀಟ್ ತೆಗೆದು ಕತ್ತರಿ ಹಾಕಿದೆ. ಅದು ಅಳಿಯಂದಿರ ತಾಯಿ ಕೊಟ್ಟ ಉಡುಗೊರೆ ಎಂದು ಸುಮಾ ಕಿರುಚುವಷ್ಟರಲ್ಲಿ ಹುಲಿಯ ನಾಲ್ಕೂ ಕಾಲು ತಯಾರಾಗಿದ್ದವು. ಪಟ್ಟೆಗೆ ಕಪ್ಪು ಬಣ್ಣ ಬೇಕಲ್ಲ, ಯಜಮಾನರು ಕೊಪ್ಪದಿಂದ ತಂದಿದ್ದ ತಲೆಗೆ ಹಚ್ಚುವ ಕಪ್ಪನ್ನು ಮೂರೂ ಪೊಟ್ಟಣ ಕಲಸಿಬಿಟ್ಟೆ. ಹೊಟ್ಟೆಗೆ ತುಂಬಲು ಹತ್ತಿ ಎಲ್ಲಿ ಹುಡುಕುವುದು? ಹಿತ್ತಲಲ್ಲಿ ದರಗು ಇತ್ತಲ್ಲ. ಗಟ್ಟಿಯಾಗಿ ಜಡಿದು ತುಂಬಿ ಹೊಲಿದೆ. ಆಗ ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದ್ದೆ.

ಯಜಮಾನರು ಹುಲಿಯನ್ನು ಎಲ್ಲ ದಿಕ್ಕಿನಿಂದಲೂ ನೋಡಿದರು. ಕಪ್ಪು ಖಾಲಿಯಾಗಿ ಅವರ ತಲೆ ಆಗಲೇ ಬುಡದಿಂದ ಬೆಳ್ಳಗಾಗುತ್ತಿತ್ತು.

"ಇದು ಹುಲಿಯಾ, ಕಾಮಾಲೆ ಆದ ಬೆಕ್ಕಾ?"

"ಹುಲೀನೇ!" ಎಂದಳು ಅನ್ವಿ. ಅವಳೇ ಸ್ಕೆಚ್ ಪೆನ್ನಿನಿಂದ ಮೀಸೆ ಬರೆದಳು. ಹುಲಿಯ ಬಾಲ ಹಿಡಿದುಕೊಂಡು, ನನ್ನ ಹಿಂದೆ ಅಡಗಿಕೊಂಡು, ಬಾಗಿಲಾಚೆ ಮೂರು ಹೆಜ್ಜೆ ಬಂದಳು. ಮೂರು ಹೆಜ್ಜೆ! ಇನ್ನು ಏಳು ಹೆಜ್ಜೆ ದಾಟಿದರೆ ಜೋಕಾಲಿ. ಅಷ್ಟರಲ್ಲಿ ಪೊದೆಯ ಹಿಂದೆ ಏನೋ ಸರಸರ ಎಂದಿತು, ಮಗು ಒಳಗೆ ಓಡಿತು.

ಹುಲಿಯನ್ನು ಬೇಲಿಯ ಮೇಲೆ ಕೂರಿಸಿ ಕಾದೆ. ಕೋಳಿ ಬಂತು. ಹುಲಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿತು. ಕೆಲಸ ಮುಂದುವರಿಸಿತು.

ಆಗ ನನಗೆ ಹೊಳೆಯಿತು. ಆಸ್ಟ್ರೇಲಿಯಾದಲ್ಲಿ ಹುಲಿಯೇ ಇಲ್ಲ! ಇದರ ಅಪ್ಪ ನೋಡಿಲ್ಲ, ಅಜ್ಜ ನೋಡಿಲ್ಲ. ಹುಲಿಗೆ ಹೆದರಬೇಕು ಎಂಬ ಪಾಠವೇ ಇದರ ಸಿಲೆಬಸ್ಸಿನಲ್ಲಿಲ್ಲ. ನಮ್ಮ ಮಂಗಗಳು ಎಷ್ಟಾದರೂ ತಿಳಿವಳಿಕೆಯುಳ್ಳವು.

ಹೆದರಿದವರು ಒಬ್ಬರೇ, ಮಾರ್ಗರೆಟಮ್ಮ. ಬೆಳಿಗ್ಗೆ ಕನ್ನಡಕ ಹಾಕದೆ ಬೇಲಿ ಕಡೆ ನೋಡಿ, ನೇರ ಅಲ್ಲಿನ ಪುರಸಭೆಗೆ ಫೋನ್ ಮಾಡಿದರು.

ಅಗಲ ಟೊಪ್ಪಿ ಹಾಕಿದ ಒಬ್ಬ ಹುಡುಗಿ ಗಾಡಿಯಲ್ಲಿ ಬಂದಳು. ಹುಲಿಯ ಬಾಲ ಎಳೆದು ನೋಡಿ ನಕ್ಕಳು. ಆಮೇಲೆ ಅವಳ ಕಣ್ಣು ರಾಶಿಯ ಮೇಲೆ ಬಿತ್ತು. ನಗು ನಿಂತಿತು. ಮಂಡಿಯೂರಿ, ಎಲೆ ಸರಿಸಿ, ಕೈಯಿಟ್ಟು ಬಿಸಿ ನೋಡಿದಳು. ನನಗೆ ಏನೇನೋ ಕೇಳಿದಳು. ನಾನು ಎಲ್ಲದಕ್ಕೂ "ಎಸ್, ಎಸ್" ಎಂದೆ. ಸುಮಾ ಬಂದು ಹಣೆ ಚಚ್ಚಿಕೊಂಡಳು.

"ಅಮ್ಮಾ, ಇದು ಅದರ ಗೂಡಂತೆ! ಎಲೆ ಕೊಳೆತ ಬಿಸಿಯಲ್ಲೇ ಮೊಟ್ಟೆ ಮರಿಯಾಗುವುದಂತೆ. ಮೊಟ್ಟೆ ಇಟ್ಟಾಗಿದೆಯಂತೆ, ಇನ್ನು ಇದನ್ನು ಮುಟ್ಟುವ ಹಾಗೇ ಇಲ್ಲವಂತೆ, ಕಾನೂನಂತೆ. ಗುಡ್ಡೆ ಹಾಕಿದ್ದು ನೀವೇನಾ ಅಂತ ಕೇಳಿದರೆ ಎಸ್ ಅಂದೆಯಂತೆ!"

"ಮತ್ತೆ ಬೇರೆ ಯಾರು ಹಾಕಿದ್ದು?"

"ಇಷ್ಟು ಚಂದದ ಗುಡ್ಡೆಯನ್ನು ಅವರು ಈ ಬೀದಿಯಲ್ಲೇ ನೋಡಿಲ್ಲವಂತೆ. ಕೋಳಿ ಇನ್ನು ತಿಂಗಳುಗಟ್ಟಲೆ ಇಲ್ಲಿಂದ ಕದಲೂದಿಲ್ಲವಂತೆ!"

ಅಂದರೆ ಓಡಿಸಲು ಬಂದವಳು ನಾನೇ ಸೈಟು ಆರಿಸಿ, ಪಾಯ ಹಾಕಿ, ನೀರು ಚಿಮುಕಿಸಿ, ಅದಕ್ಕೆ ಮನೆ ಕಟ್ಟಿಕೊಟ್ಟಿದ್ದೆ! ನನಗೆ ಮೂರು ತಿಂಗಳ ವೀಸಾ. ಅದಕ್ಕೆ ಕಾಯಂ ಪೌರತ್ವ.

ಟೊಪ್ಪಿಯ ಹುಡುಗಿ ಹೋಗುವ ಮೊದಲು ಗಾಜಿನ ಬಾಗಿಲ ಹತ್ತಿರ ಕೂತು ಅನ್ವಿಗೆ ಬಹಳ ಹೊತ್ತು ಏನೋ ಹೇಳಿದಳು. ಅನ್ವಿ ಬಾಯಿ ಬಿಟ್ಟುಕೊಂಡು ಕೇಳಿದಳು. ಅವಳು ಏನು ಹೇಳಿದಳೆಂದು ವಿಚಾರಿಸುವ ಮನಸ್ಥಿತಿಯಲ್ಲಿ ನಾನಿರಲಿಲ್ಲ. ವಾಪಸ್ ಹೊರಡಲು ಇನ್ನು ಎಂಟೇ ದಿನ ಉಳಿದಿತ್ತು. ಮಗು ಹಿತ್ತಲಿಗೆ ಇಳಿದಿರಲಿಲ್ಲ. ನನ್ನಿಂದಾಗಿ ಇನ್ನು ಇಳಿಯುವುದೂ ಇಲ್ಲ ಎಂದು ಯೋಚಿಸಿ ಆ ದಿನ ಊಟ ಸೇರಲಿಲ್ಲ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಶ್ರೀಧರ ವಿಡಿಯೋ ಕಾಲ್ ಮಾಡಿದ. ಅಲ್ಲಿ ಆಗಿನ್ನೂ ಬೆಳಗಿನ ಕಾಫಿಯ ಹೊತ್ತು.

"ಭಾವ, ಅಕ್ಕನ ಹುಲಿ ತೋರ್ಸಿ ಒಂಚೂರು. ಇಲ್ಲಿ ಎಲ್ಲ ಕಾಯ್ತಾ ಇದ್ದಾರೆ."

ಇವರು ಫೋನು ಹಿಡಿದು ಹಿತ್ತಲಿಗೆ ಬಂದರು. ಬೇಲಿಯ ಮೇಲೆ ಹುಲಿ ಇರಲಿಲ್ಲ. ಕೆಳಗಿತ್ತು. ಕೋಳಿ ಅದರ ಹೊಟ್ಟೆ ಬಗೆದು ದರಗು ಹೊರಗೆಳೆಯುತ್ತಿತ್ತು. ಸಹಜವೇ. ಅದರ ಪಾಲಿಗೆ ಅದು ಹುಲಿಯಲ್ಲ, ಯಾರೋ ಪುಣ್ಯಾತ್ಮರು ಎಲೆ ತುಂಬಿ ಇಟ್ಟ ಚೀಲ! ನೋಡನೋಡುತ್ತಿದ್ದಂತೆ ಹಿಂದುಮುಂದಾಗಿ ಕೆದರುತ್ತಾ ಹುಲಿಯನ್ನೇ ಗುಡ್ಡೆಯ ಮೇಲಕ್ಕೆ ಏರಿಸಿತು.

ಮೊಮ್ಮಗಳು ಮೀಸೆ ಬರೆದ ಹುಲಿ! ನಾನು "ಬಿಡೇ ಅದನ್ನ!" ಎಂದು ನುಗ್ಗಿ ಬಾಲ ಹಿಡಿದು ಎಳೆದೆ. ಹುಲಿ ಎರಡು ಭಾಗವಾಯಿತು. ಬಾಲದ ಭಾಗ ನನ್ನ ಕೈಯಲ್ಲಿ, ನಾನು ಗುಡ್ಡೆಯ ಮೇಲೆ, ಅಂಗಾತ! ಸೊಂಟದವರೆಗೆ ದರಗಿನಲ್ಲಿ ಹೂತುಹೋದೆ. ಒಳಗೆ ಬೆಚ್ಚಗಿತ್ತು, ಬಾಣಂತಿಯ ಕೋಣೆಯ ಹಾಗೆ. ಕೋಳಿ ನನಗೆ ಬೆನ್ನು ತಿರುಗಿಸಿ ಎರಡೂ ಕಾಲಿನಿಂದ ಮಣ್ಣು, ಎಲೆ, ಕಡ್ಡಿ ಎಲ್ಲ ನನ್ನ ಮುಖಕ್ಕೆ ಎರಚತೊಡಗಿತು. ಗುಡ್ಡೆಗೆ ಇನ್ನೊಂದು ಸಾಮಾನು ಬಂತು, ಮುಚ್ಚಿಬಿಡೋಣ ಎಂಬ ತೀರ್ಮಾನಕ್ಕೆ ಅದು ಬಂದಿತ್ತು.

"ರೀ! ಬನ್ರೀ! ಕೊಲ್ತದೆ ಇದು!"

"ಅಲುಗಾಡಬೇಡ, ಶ್ರೀಧರನಿಗೆ ಕಾಣ್ತಾ ಇಲ್ಲ," ಎಂದರು ಇವರು.

"ಭಾವ, ಅಕ್ಕ ಯಾವುದು, ಹುಲಿ ಯಾವುದು?" ಎಂದು ಫೋನು ಕೇಳಿತು. ಹಿಂದಿನಿಂದ ಇಡೀ ಅಡ್ಡಗದ್ದೆ ನಕ್ಕ ಸದ್ದು.

ಆಗ ಗಾಜಿನ ಬಾಗಿಲು ದಡಾರನೆ ಸರಿಯಿತು. ಅನ್ವಿ! ಬರಿಗಾಲಲ್ಲಿ, ಕೈ ಬೀಸುತ್ತಾ ಹಿತ್ತಲಿಗೆ ನುಗ್ಗಿ, ಹತ್ತಲ್ಲ ಇಪ್ಪತ್ತು ಹೆಜ್ಜೆ ಓಡಿಬಂದು ನನಗೂ ಕೋಳಿಗೂ ಮಧ್ಯೆ ನಿಂತಳು. ಅಜ್ಜಿಗಾಗಿ ಮಗು ಪ್ರಾಣವನ್ನೇ ಪಣಕ್ಕಿಟ್ಟಿತಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು.

"ಅಜ್ಜೀ! ಏಳು! ಮೊಟ್ಟೆ ಮೇಲೆ ಕೂತಿದ್ದೀಯ! ಏಳು ಬೇಗ!"

ನನ್ನನ್ನು ಎಳೆದು ಎಬ್ಬಿಸಿದಳು. ನಾನು ಕೂತ ಗುಂಡಿಯನ್ನು ಎರಡೂ ಕೈಯಿಂದ ಮುಚ್ಚಿದಳು. ಆ ಟೊಪ್ಪಿಯ ಹುಡುಗಿ ಅವಳಿಗೆ ಹೇಳಿದ್ದು ಅದನ್ನೇ. ಇದು ಅಪ್ಪ ಕೋಳಿ, ಹೇಂಟೆ ಬಂದು ಮೊಟ್ಟೆ ಇಟ್ಟು ಹೋದ ಮೇಲೆ ಕಾಯುವುದು ಇದೇ, ಗುಡ್ಡೆಗೆ ಕೊಕ್ಕು ತೂರಿಸಿ ಬಿಸಿ ನೋಡುತ್ತದೆ, ಹೆಚ್ಚಾದರೆ ಎಲೆ ತೆಗೆಯುತ್ತದೆ, ಕಡಿಮೆಯಾದರೆ ಹಾಕುತ್ತದೆ, ಹಗಲಿಡೀ ಬೇರೆ ಕೆಲಸವೇ ಇಲ್ಲ. ಕೋಳಿ ನಾಲ್ಕು ಹೆಜ್ಜೆ ಆಚೆ ನಿಂತು ಏದುಸಿರು ಬಿಡುತ್ತಿತ್ತು.

"ನಿಂಗೆ ಹೆದರಿಕೆ ಆಗ್ಲಿಲ್ವಾ ಪುಟ್ಟಿ?" ಎಂದೆ, ಬಾಯಿಂದ ಎಲೆ ಉಗುಳಿ.

"ಅದಕ್ಕೇ ಹೆದರಿಕೆ ಆಗಿದೆ ಅಜ್ಜಿ, ನಿನ್ನ ನೋಡಿ. ಪಾಪ. ನೀನು ಒಳಗೆ ಹೋಗು, ನಾನಿಲ್ಲಿ ನೋಡ್ಕೊಳ್ತೇನೆ."

ನನ್ನನ್ನು ಕೈ ಹಿಡಿದು ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡಳು. ಆಮೇಲೆ ಹೋಗಿ ಜೋಕಾಲಿಯಲ್ಲಿ ಕೂತಳು. ಕೋಳಿ ಗುಡ್ಡೆ ಸರಿಮಾಡತೊಡಗಿತು. ಅವಳು ಮೆಲ್ಲಗೆ ಜೀಕತೊಡಗಿದಳು. ನಾನು ಗಾಜಿಗೆ ಮುಖ ಒತ್ತಿಕೊಂಡು ನೋಡುತ್ತಾ ನಿಂತೆ. ಸುಮಾ ಆ ಸಂಜೆ ಗಾಜಿನಿಂದ ಒರೆಸಿದ್ದು ನನ್ನ ಮೂಗಿನ ಗುರುತು.

ಉಳಿದ ಒಂದು ವಾರ ಅನ್ವಿ ಹಿತ್ತಲಲ್ಲಿ, ನಾನು ಮನೆಯೊಳಗೆ. ಹೊರಗೆ ಬಟ್ಟೆ ಒಣಹಾಕಬೇಕಾದರೂ ಅವಳು ಬೆಂಗಾವಲಿಗೆ ಬರುತ್ತಿದ್ದಳು. ಬೆಂಗಾವಲು ನನಗಲ್ಲ, ಗುಡ್ಡೆಗೆ.

ನಾನು ವಿಮಾನದಲ್ಲಿ ಬರುವ ಮೊದಲೇ ಸುದ್ದಿ ಅಡ್ಡಗದ್ದೆಯಿಂದ ಬಸ್ಸು ಹತ್ತಿ ಶೃಂಗೇರಿ, ಕೊಪ್ಪ ದಾಟಿ ಎನ್.ಆರ್. ಪುರ ಮುಟ್ಟಿತ್ತು. ಅಂಗಡಿ ತೆಗೆದ ದಿನವೇ ಆ ಮೂವರು ಹುಡುಗಿಯರು ಹಾಜರು.

"ಆಂಟಿ, ಹುಲಿ ಹೊಲಿಯೂಕೆ ಎಷ್ಟು ಮೀಟರ್ ಬಟ್ಟೆ ಬೇಕು?"

ನಾನು ಬಹಳ ಗಾಂಭೀರ್ಯದಿಂದ ಉತ್ತರಿಸಿದೆ: "ಹೇಳಿದ ಕೆಲಸ ಆಗಿದೆಯಾ ಇಲ್ಲವಾ ಅದನ್ನು ಕೇಳಿ. ಅನ್ವಿ ಈಗ ದಿನಾ ಜೋಕಾಲಿ ಆಡ್ತಾಳೆ. ಪದ್ಮಾವತಿ ಮಾತು ಕೊಟ್ಟರೆ ಕೊಟ್ಟದ್ದೇ!"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಅನ್ವಿ, ಮಣ್ಣು ಮೆತ್ತಿದ ಮುಖ.

"ಅಜ್ಜೀ! ಇವತ್ತು ಒಂದು ಮರಿ ಬಂತು! ಗುಡ್ಡೆ ಒಳಗಿಂದ ಅದೇ ಎಲೆ ಕೆದರಿಕೊಂಡು ಬಂತು. ತಲೆ ಮೇಲೆಲ್ಲ ಮಣ್ಣು. ಎದ್ದು, ಬಿದ್ದು, ಮತ್ತೆ ಎದ್ದು, ಹಿಂದೆ ತಿರುಗಿ ನೋಡದೇ ಓಡಿಹೋಯ್ತು. ನಾನು ಹೆಸರು ಇಟ್ಟೆ."

"ಎಂತ ಹೆಸರು ಪುಟ್ಟಿ?"

"ಪದ್ಮಾವತಿ!"

ಹುಡುಗಿಯರು ಟೇಪು ಬಾಯಿಗೆ ಒತ್ತಿಕೊಂಡು ನಕ್ಕರು. ಮೂಲೆಯಲ್ಲಿ, ಬೆಳ್ಳಿ ತಲೆಯ ಯಜಮಾನರು ಪೇಪರ್ ಮಡಚಿದರು.

"ಮಾತು ಉಳಿಸಿಕೊಂಡೆ ಮಾರಾಯ್ತಿ," ಎಂದರು. "ಹೆಸರು ಮಾತ್ರ ಕೋಳಿಮರಿಗೆ ಹೋಯ್ತು."